ಪುನರ್ವಸತಿ ಆಪ್ತಸಮಾಲೋಚನೆ ಓದಬೇಕೆಂದಿದ್ದೇನೆ, ಅನುಭವವಿರುವವರು ದಾರಿ ತೋರಿಸಿ

ಪ್ರಶ್ನೆ

ಮನಃಶಾಸ್ತ್ರದಲ್ಲಿ ಪದವಿ ಮುಗಿಸಿ ಎರಡು ವರ್ಷದಿಂದ ಅಮೆರಿಕದ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು, ಸೇರಿದ ಮೊದಲ ಕೆಲವು ವಾರ ಅವರ ಜೊತೆಗಿದ್ದು ಕಲಿಸುವುದು ನನ್ನ ಪಾಲಿನ ಕೆಲಸ. ಇದರಲ್ಲೇ ಮುಂದುವರಿಯಬೇಕೆಂದು ಪುನರ್ವಸತಿ ಆಪ್ತಸಮಾಲೋಚನೆಯ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದ್ದೆ. ಮೂರು ಕಡೆ ಸೀಟು ಸಿಕ್ಕಿದೆ. ಏನನ್ನು ನೋಡಿ ಆರಿಸಲಿ? ಕೆಲಸ ಬಿಡದೆ ಓದಲು ಆಗುತ್ತದೆಯೇ? ಸಾಮಾನ್ಯ ಆಪ್ತಸಮಾಲೋಚನೆಯನ್ನೇ ಓದು, ಇದು ತೀರಾ ಕಿರಿದಾದ ದಾರಿ ಎಂದು ಹೇಳುವವರೂ ಇದ್ದಾರೆ.

ಉತ್ತರ 1

ಒಂಬತ್ತು ವರ್ಷದಿಂದ ಒಂದು ರಾಜ್ಯದ ವೃತ್ತಿ ಪುನರ್ವಸತಿ ಇಲಾಖೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಮೊದಲು ಆಪ್ತಸಮಾಲೋಚನೆಯ ಪದವಿಗಳನ್ನು ಪರಿಶೀಲಿಸುವ ಕೇಕ್ರೆಪ್ ಮಂಡಳಿಯ ಮಾನ್ಯತೆ ಇದೆಯೇ ನೋಡಿಕೊಳ್ಳಿ. ಹಿಂದೆ ಈ ವಿಷಯಕ್ಕೆಂದೇ ಕೋರ್ ಎಂಬ ಬೇರೆ ಮಂಡಳಿ ಇತ್ತು, 2017ರಲ್ಲಿ ಅದು ಕೇಕ್ರೆಪ್ ಜೊತೆ ವಿಲೀನವಾಯಿತು. ಹಳೆಯ ಮಾಹಿತಿ ಓದಿ ಗೊಂದಲಪಡಬೇಡಿ. ಅದಾದ ಮೇಲೆ ಮೂರೂ ಕಡೆ ಒಂದೇ ಪ್ರಶ್ನೆ ಕೇಳಿ: ಇಂಟರ್ನ್‌ಶಿಪ್‌ನಲ್ಲಿ ನನ್ನನ್ನು ಯಾರ ಕೈಗೆ ಒಪ್ಪಿಸುತ್ತೀರಿ?

ಮಾನ್ಯತೆ ಇರುವಲ್ಲೆಲ್ಲ ಗಂಟೆಗಳ ಲೆಕ್ಕ ಒಂದೇ. ಕನಿಷ್ಠ 100 ಗಂಟೆಯ ಪ್ರಾಕ್ಟಿಕಮ್ (ಮೇಲ್ವಿಚಾರಣೆಯಲ್ಲಿ ಮಾಡುವ ಮೊದಲ ಅಭ್ಯಾಸ), ಅದರಲ್ಲಿ 40 ಗಂಟೆ ಜನರೊಂದಿಗೆ ನೇರವಾಗಿ. ನಂತರ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರ ಸೇವೆ. ಆ ಗಂಟೆಗಳಲ್ಲಿ ನಿಮ್ಮ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದರಲ್ಲಿ ಮಾತ್ರ ಅಜಗಜಾಂತರ ವ್ಯತ್ಯಾಸವಿದೆ. ನನ್ನನ್ನು ಮೊದಲು ಕಳಿಸಿದ ಜಾಗದಲ್ಲಿ ಮೂರು ವಾರ ಕಡತ ಜೋಡಿಸಿದೆ, ಫೋನು ಎತ್ತಿದೆ. ಕಾಲೇಜಿಗೆ ಹೋಗಿ ಜಗಳವಾಡಿದ ಮೇಲೆ ಬೇರೆ ಮೇಲ್ವಿಚಾರಕರ ಬಳಿ ಹಾಕಿದರು. ನಾನು ಈ ವೃತ್ತಿ ಕಲಿತಿದ್ದು ಅವರಿಂದ.

ಆಗ ನಮ್ಮಲ್ಲಿಗೆ ಬಂದಿದ್ದವರು ಬೆನ್ನುಮೂಳೆಗೆ ಪೆಟ್ಟಾಗಿ ಕೆಲಸ ಬಿಟ್ಟ ಒಬ್ಬ ವೆಲ್ಡರ್. "ವೆಲ್ಡಿಂಗ್ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ" ಎಂದು ತಲೆ ತಗ್ಗಿಸಿ ಕುಳಿತಿದ್ದರು. ಮೇಲ್ವಿಚಾರಕರು ಅವರಿಗೆ ಸಮಾಧಾನ ಹೇಳಲಿಲ್ಲ. ದಿನವೂ ಮಾಡುತ್ತಿದ್ದ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಬಿಡಿಸಿ ಹೇಳಿಸಿದರು. ನಕ್ಷೆ ಓದುವುದು, ಲೋಹದ ದಪ್ಪ ಅಂದಾಜು ಮಾಡುವುದು, ಕೆಟ್ಟ ಬೆಸುಗೆಯನ್ನು ಒಂದೇ ನೋಟಕ್ಕೆ ಗುರುತಿಸುವುದು, ಎಲ್ಲವೂ ಒಂದೊಂದಾಗಿ ಹೊರಬಂತು. ಹತ್ತಿರದ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಗುಣಮಟ್ಟ ಪರೀಕ್ಷಿಸುವ ಕೆಲಸ ಖಾಲಿ ಇತ್ತು, ಆದರೆ ಜಾಹೀರಾತಿನಲ್ಲಿ "50 ಪೌಂಡ್ ಎತ್ತಬೇಕು" ಎಂದಿತ್ತು. ನನ್ನ ಕೈಗೆ ಒಂದು ಅಳತೆ ಟೇಪು, ಒಂದು ಸ್ಪ್ರಿಂಗ್ ತಕ್ಕಡಿ ಕೊಟ್ಟು ಅಲ್ಲಿಗೆ ಕಳಿಸಿದರು. ನಾಲ್ಕು ಗಂಟೆ ನಿಂತು ನೋಡಿದೆ. ಮೇಜಿನ ಎತ್ತರ, ಗಂಟೆಗೆ ಎಷ್ಟು ಸಲ ಬಗ್ಗುತ್ತಾರೆ, ಶೌಚಾಲಯಕ್ಕೆ ಎಷ್ಟು ಹೆಜ್ಜೆ, ಎಲ್ಲ ಬರೆದುಕೊಂಡೆ. ಕೈಯಿಂದ ಎತ್ತಿದ ಅತಿ ಭಾರದ ತುಂಡು 12 ಪೌಂಡ್ ತೂಗಿತು. ಅದಕ್ಕಿಂತ ಭಾರದ್ದೆಲ್ಲ ಸರಪಳಿ ರಾಟೆಯಲ್ಲಿ ಏರುತ್ತಿತ್ತು. ಆ ಹಾಳೆಯನ್ನು ಮುಂದಿಟ್ಟಾಗ ಮಾಲೀಕರು ಮಾತು ಬದಲಿಸಿದರು. ಎತ್ತರ ಬದಲಿಸಬಹುದಾದ ಒಂದು ಕುರ್ಚಿ ತರಿಸಿ ಆ ವ್ಯಕ್ತಿಯನ್ನು ಸೇರಿಸಿಕೊಂಡರು.

ಸಾಮಾನ್ಯ ಆಪ್ತಸಮಾಲೋಚನೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಈ ಹಾಳೆಯ ಕಥೆ ಹೇಳುತ್ತೇನೆ. ಆಲಿಸುವ ಕಲೆ ಎರಡಕ್ಕೂ ಬೇಕು. ನಮಗೆ ಅದರ ಜೊತೆಗೆ ಕಾಯಿಲೆಗಳ ಸ್ವಭಾವ, ಸಹಾಯಕ ಸಾಧನಗಳು, 1973ರ ಪುನರ್ವಸತಿ ಕಾಯ್ದೆ, 1990ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವೆಲ್ಲ ಕೈಯಳತೆಯಲ್ಲಿರಬೇಕು.

ಇನ್ನೊಂದು, ಇದನ್ನು ತರಗತಿಯಲ್ಲಿ ಬೇಗ ದಾಟಿಸಿಬಿಡುತ್ತಾರೆ. ಎದುರು ಕುಳಿತವರು ಬಾಯಿಬಿಟ್ಟು ಕೇಳುವ ಮೊದಲ ಪ್ರಶ್ನೆ ಬಹುತೇಕ ಇದೇ: "ಕೆಲಸಕ್ಕೆ ಸೇರಿದರೆ ಸರ್ಕಾರದಿಂದ ಬರುವ ಹಣ ನಿಂತುಹೋಗುತ್ತದೆಯೇ?" ಸಾಮಾಜಿಕ ಭದ್ರತೆಯ ಅಂಗವೈಕಲ್ಯ ವಿಮೆ ಪಡೆಯುವವರಿಗೆ ಒಂಬತ್ತು ತಿಂಗಳ ಪ್ರಾಯೋಗಿಕ ದುಡಿಮೆಯ ಅವಕಾಶವಿದೆ, ಆ ತಿಂಗಳುಗಳಲ್ಲಿ ಎಷ್ಟು ಸಂಪಾದಿಸಿದರೂ ಹಣ ಪೂರ್ತಿ ಬರುತ್ತದೆ. ಅಗತ್ಯ ನೋಡಿ ಕೊಡುವ ಇನ್ನೊಂದು ನೆರವಿಗೆ ನಿಯಮವೇ ಬೇರೆ. ಇವೆರಡನ್ನು ಅದಲುಬದಲು ಮಾಡಿ ಹೇಳಿದರೆ ಒಂದು ಮನೆಯ ಬಾಡಿಗೆ ತಪ್ಪಬಹುದು. ದಯವಿಟ್ಟು ಇದನ್ನು ಓದುತ್ತಿರುವಾಗಲೇ ಚೆನ್ನಾಗಿ ಕಲಿತುಕೊಳ್ಳಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಿಆರ್‌ಸಿ ಪ್ರಮಾಣಪತ್ರ (ಪುನರ್ವಸತಿ ಆಪ್ತಸಮಾಲೋಚಕರ ವೃತ್ತಿ ಅರ್ಹತೆ) ಬೇರೆ, ರಾಜ್ಯದ ಪರವಾನಗಿ ಬೇರೆ. ಮೊದಲನೆಯದು ದೇಶಕ್ಕೆಲ್ಲ ಒಂದೇ; ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಎರಡನೆಯದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಾನು ಇದನ್ನು ತಿಳಿಯದೆ ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋದೆ. ಪರವಾನಗಿಗಾಗಿ ಇನ್ನೆರಡು ವಿಷಯ ಓದಬೇಕಾಯಿತು. ಮುಂದೆ ಎಲ್ಲಿ ನೆಲೆಸುತ್ತೀರೋ ಆ ರಾಜ್ಯದ ಮಂಡಳಿಯ ನಿಯಮವನ್ನು ಈಗಲೇ ಓದಿ. 60 ಕ್ರೆಡಿಟ್‌ನ ಓದು, ಅದರಲ್ಲಿ ರೋಗನಿರ್ಣಯದ ವಿಷಯವೂ ಇದ್ದರೆ ಆಸ್ಪತ್ರೆ, ಮಾನಸಿಕ ಆರೋಗ್ಯ ಕೇಂದ್ರಗಳ ಬಾಗಿಲೂ ತೆರೆದಿರುತ್ತದೆ. ದಾರಿ ಕಿರಿದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಉತ್ತರ 3

ಕೆಲಸ ಬಿಡದೆ ಓದುವುದರ ಬಗ್ಗೆ: ಪಾಠಗಳ ಮಟ್ಟಿಗೆ ಆಗುತ್ತದೆ, ನಾನೇ ಸಂಜೆ ಓದಿದ್ದೇನೆ. ಇಂಟರ್ನ್‌ಶಿಪ್ ಬಂದಾಗ ಆಗುವುದಿಲ್ಲ. 600 ಗಂಟೆ ಎಂದರೆ ವಾರಕ್ಕೆ 20 ಗಂಟೆಯಂತೆ ಮೂವತ್ತು ವಾರ, ಅದೂ ಜನ ಸಿಗುವ ಹಗಲು ಹೊತ್ತಿನಲ್ಲಿ. ಈಗಿನ ಸಂಸ್ಥೆಯಲ್ಲೇ ಬೇರೆ ಹೊಣೆ ಕೊಟ್ಟು ಇಂಟರ್ನ್‌ಶಿಪ್ ಮಾಡಲು ಬಿಡುತ್ತಾರೆಯೇ ಎಂದು ಕಾಲೇಜನ್ನೂ ಸಂಸ್ಥೆಯನ್ನೂ ಕೇಳಿ ನೋಡಿ.

ಹಣದ ವಿಚಾರ. ಕೇಂದ್ರ ಶಿಕ್ಷಣ ಇಲಾಖೆಯ ಅಡಿಯಲ್ಲಿರುವ ಪುನರ್ವಸತಿ ಸೇವೆಗಳ ಸಂಸ್ಥೆ ಆರ್‌ಎಸ್‌ಎ ಕೆಲವು ಕಾಲೇಜುಗಳಿಗೆ ವಿದ್ಯಾರ್ಥಿವೇತನದ ಹಣ ಕೊಡುತ್ತದೆ. ನನ್ನ ಓದು ನಡೆದದ್ದೇ ಅದರಿಂದ. ಆದರೆ ಅದು ಬಿಟ್ಟಿ ಹಣವಲ್ಲ: ವೇತನ ಪಡೆದ ಒಂದೊಂದು ವರ್ಷಕ್ಕೆ ಎರಡು ವರ್ಷ ರಾಜ್ಯದ ಪುನರ್ವಸತಿ ಇಲಾಖೆಯಲ್ಲೋ ಅದಕ್ಕೆ ಸಂಬಂಧಿಸಿದ ಸಂಸ್ಥೆಯಲ್ಲೋ ದುಡಿಯಬೇಕು, ಇಲ್ಲದಿದ್ದರೆ ಹಣ ಹಿಂತಿರುಗಿಸಬೇಕು. ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಸಿಗುತ್ತದೆ, ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಇಲ್ಲ. ಸಹಿ ಹಾಕುವ ಮುಂಚೆ ಕರಾರನ್ನು ಅಕ್ಷರ ಬಿಡದೆ ಓದಿ.

ಉತ್ತರ 4

ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು, ಇದೇ ಪದವಿ ಮುಗಿಸಿ ಆರು ವರ್ಷವಾಯಿತು. ಕಾಲೇಜು ಆರಿಸುವಾಗ ಅಂಗವಿಕಲ ವಿದ್ಯಾರ್ಥಿಗಳು ಅಲ್ಲಿ ಹೇಗೆ ಓದುತ್ತಿದ್ದಾರೆ ಎಂದು ವಿಚಾರಿಸಿ. ಪುಸ್ತಕ, ಪರೀಕ್ಷೆ, ಸಂಖ್ಯಾಶಾಸ್ತ್ರದ ತಂತ್ರಾಂಶ ಇವು ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ನಡೆಯುತ್ತವೆಯೇ? ತಾನು ಕಲಿಸುವುದನ್ನು ಕಾಲೇಜು ಪಾಲಿಸುತ್ತಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ನಮ್ಮ ತರಗತಿಯಲ್ಲಿ ಒಮ್ಮೆ ಎಲ್ಲರ ಕಣ್ಣಿಗೆ ಬಟ್ಟೆ ಕಟ್ಟಿ ಮೊಗಸಾಲೆಯಲ್ಲಿ ನಡೆಸಿದರು. ಗೋಡೆ ತಡಕುತ್ತಾ ನಡೆದವರು ಮರಳಿ ಬಂದು "ಪಾಪ, ಎಷ್ಟು ಕಷ್ಟ" ಎಂದರು. ನನಗೆ ಬಹಳ ನೋವಾಯಿತು. ಐದು ನಿಮಿಷ ಕಣ್ಣು ಕಟ್ಟಿಕೊಂಡವರಿಗೆ ಮೊದಲ ಐದು ನಿಮಿಷದ ದಿಗಿಲು ತಿಳಿಯುತ್ತದೆ, ಇಡೀ ಬದುಕಿನ ರೂಢಿ ತಿಳಿಯುವುದಿಲ್ಲ. ಮರುವಾರ ಪ್ರಾಧ್ಯಾಪಕರ ಒಪ್ಪಿಗೆ ಪಡೆದು ನಾಲ್ವರು ಸಹಪಾಠಿಗಳನ್ನು ನನ್ನೊಂದಿಗೆ ಬಸ್ಸಿನಲ್ಲಿ ಕರೆದೊಯ್ದೆ. ತಿರುವುಗಳನ್ನು ಎಣಿಸಿ ನಾನು ಇಳಿಯುವ ನಿಲ್ದಾಣವನ್ನು ಮೊದಲೇ ಹೇಳಿದಾಗ ಅವರು ಕೇಳತೊಡಗಿದ ಪ್ರಶ್ನೆಗಳೇ ಬೇರೆಯಾಗಿದ್ದವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಇವತ್ತು ಮೂರೂ ಕಡೆ ಫೋನು ಮಾಡಿದೆ. ಒಬ್ಬರು ಇಂಟರ್ನ್‌ಶಿಪ್ ಜಾಗವನ್ನು ನಾನೇ ಹುಡುಕಿಕೊಳ್ಳಬೇಕೆಂದರು, ಇನ್ನೊಬ್ಬರು ಪಟ್ಟಿ ಕಳಿಸುವುದಾಗಿ ಹೇಳಿದರು. ಮೂರನೆಯ ಕಾಲೇಜಿನವರು ಮೇಲ್ವಿಚಾರಕಿಯ ಹೆಸರು ಹೇಳಿ, ಗುರುವಾರ ಅವರೊಂದಿಗೆ ಮಾತನಾಡಲು ಸಮಯವನ್ನೂ ಗೊತ್ತು ಮಾಡಿದ್ದಾರೆ. ಕೆಲಸದ ವಿಶ್ಲೇಷಣೆಗೆ ವಿದ್ಯಾರ್ಥಿಗಳನ್ನು ಕಾರ್ಖಾನೆಗೆ ಕರೆದೊಯ್ಯುತ್ತಾರೆಯೇ ಎಂದು ಅವರನ್ನು ಕೇಳುತ್ತೇನೆ.