ಪ್ರೋಗ್ರಾಂ ತೆಗೆಯೂದು ಕೀಬೋರ್ಡಿನಿಂದಲೋ, ಮೌಸ್ ಮೆನುವಿನಿಂದಲೋ? ಕನ್ನಡ ಟೈಪಿಂಗ್ ಅಂಗಡಿಗೆ ಯಾವುದು ಲಗೂ

ಸಪ್ತಾಪುರ_ಟೈಪಿಂಗ್

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದ ಸಪ್ತಾಪುರ ಕಡೆ ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬೂ ಅಂಗಡಿ. ಮೂರು ಕಂಪ್ಯೂಟರ್ ಅದಾವ. ಎರಡರಾಗ ವಿಂಡೋಸ್ 10, ಒಂದರಾಗ 11. ಹಳೇ ಎರಡಕ್ಕ 4 ಜಿಬಿ ರ‍್ಯಾಮ್, ತಿರುಗೂ ಹಾರ್ಡ್ ಡಿಸ್ಕ್. ವರ್ಡ್, ಕನ್ನಡ ಹೊಡಿಯೂ ನುಡಿ, ಕ್ರೋಮ್, ಎಕ್ಸೆಲ್, ಸ್ಕ್ಯಾನರ್ ಪ್ರೋಗ್ರಾಂ, ಫೋಟೋ ಸಣ್ಣದು ಮಾಡಾಕ ಪೇಂಟ್, ಇಷ್ಟು ದಿನಾ ಬೇಕು. ಗಿರಾಕಿ ಬಂದಂಗೆಲ್ಲಾ ಒಂದು ಮುಚ್ಚೂದು, ಇನ್ನೊಂದು ತೆಗೆಯೂದು ನಡದಿರ್ತದ.

ಈಗ ಸ್ಟಾರ್ಟ್ ಒತ್ತಿ, ಎಲ್ಲಾ ಪ್ರೋಗ್ರಾಂಗಳ ಪಟ್ಟಿ ತೆಗೆದು, ಕೆಳಗ ಸರಿಸಿ ಮೌಸಿನಿಂದ ಆರಿಸ್ತೀವಿ. ವಿಂಡೋಸ್ ಕೀ ಒತ್ತಿ ಹೆಸರು ಹೊಡೆದ್ರ ಲಗೂ ಆಗ್ತದ ಅಂತಾರ. ಆದ್ರ ಅಲ್ಲೆ ಕನ್ನಡ ಅಕ್ಷರ ಬೀಳ್ತಾವ, ಪ್ರೋಗ್ರಾಂ ಸಿಗೂದಿಲ್ಲ. ಕೆಲವು ಸಲ ಎಂಟರ್ ಒತ್ತಿದ ಕೂಡಲೇ ಇಂಟರ್ನೆಟ್ ಹುಡುಕಾಟ ತೆರೀತದ. ಕೀಬೋರ್ಡ್ ದಾರಿ ಖರೇನ ಲಗೂ ಏನ್ರಿ? ಇದ್ರ ಎಷ್ಟು? ಮತ್ತ ಈ ಕನ್ನಡ ಅಕ್ಷರದ ತೊಡಕು ತಪ್ಪಿಸೂದು ಹೆಂಗ? ಕೆಲಸಕ್ಕ ಇಬ್ಬರು ಇರ್ತಾರ, ಇಬ್ಬರಿಗೂ ಹೊಂದೂ ಹಂಗ ಹೇಳ್ರಿ.

ವಿದ್ಯಾನಗರ_ಹುಬ್ಬಳ್ಳಿ

ಸರ್, ಮೊದಲು ಕನ್ನಡ ಅಕ್ಷರದ ವಿಷಯ ತೆಗೆದುಕೊಳ್ಳೋಣ, ಉಳಿದದ್ದಕ್ಕೆ ಉತ್ತರ ಅದರಲ್ಲೇ ಇದೆ.

ಕೀಬೋರ್ಡಿನಿಂದ ಪ್ರೋಗ್ರಾಂ ತೆರೆಯುವ ದಾರಿಗಳು ಎರಡು ಬಗೆ. ಒಂದು, ಹೆಸರು ಹೊಡೆಯುವುದು: ಸ್ಟಾರ್ಟ್ ಹುಡುಕಾಟ, ರನ್ ಪೆಟ್ಟಿಗೆ. ಇನ್ನೊಂದು, ಕೀಗಳನ್ನು ಜೋಡಿಯಾಗಿ ಒತ್ತುವುದು: ವಿಂಡೋಸ್ ಕೀ ಜೊತೆ ಅಂಕಿ, ಇಲ್ಲವೇ ಶಾರ್ಟ್‌ಕಟ್ಟಿಗೆ ನಾವೇ ಕೊಟ್ಟ ಕಂಟ್ರೋಲ್ ಆಲ್ಟ್ ಜೊತೆ ಅಕ್ಷರ. ಹೆಸರು ಹೊಡೆದಾಗ ಆ ಹೊತ್ತಿಗೆ ಯಾವ ಭಾಷೆ ಆನ್ ಇದೆಯೋ ಅದರ ಅಕ್ಷರ ಬೀಳುತ್ತದೆ. ಜೋಡಿ ಕೀ ಒತ್ತಿದಾಗ ವಿಂಡೋಸ್ ಅಕ್ಷರವನ್ನು ನೋಡುವುದೇ ಇಲ್ಲ, ಯಾವ ಗುಂಡಿ ಎಂಬುದನ್ನಷ್ಟೇ ನೋಡುತ್ತದೆ. ಆದ್ದರಿಂದಲೇ ಕನ್ನಡ ಆನ್ ಇದ್ದಾಗಲೂ ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ರನ್ ಪೆಟ್ಟಿಗೆ ಬರುತ್ತದೆ. ಅದರೊಳಗೆ ಹೊಡೆದ ಹೆಸರು ಮಾತ್ರ ಕೆಡುತ್ತದೆ. ದಿನವಿಡೀ ಕನ್ನಡ ಟೈಪ್ ಮಾಡುವ ಅಂಗಡಿಯಲ್ಲಿ ಜೋಡಿ ಕೀಯೇ ಮುಖ್ಯ ದಾರಿ ಆಗಬೇಕು.

ಯಾವ ಕೀಲಿಮಣೆ ಆನ್ ಇದೆ ಎಂದು ಬಿದ್ದ ಅಕ್ಷರ ನೋಡಿಯೇ ಹೇಳಬಹುದು. ರನ್ ಪೆಟ್ಟಿಗೆಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಹೊಡೆಯಲು ಹೋಗಿ ಎನ್ ಗುಂಡಿಗೆ 'ಲ', ಓ ಗುಂಡಿಗೆ 'ದ' ಬಿದ್ದರೆ ವಿಂಡೋಸಿನದೇ ಕನ್ನಡ ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ಆನ್ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಎನ್ ಗುಂಡಿಗೆ ಪೌಂಡ್ ಗುರುತು ಬಿದ್ದರೆ ಅದು ನುಡಿ. ನುಡಿಯ ಹಳೆಯ ಸಂಕೇತದಲ್ಲಿ 'ನ' ಇರುವ ಜಾಗ ಅದೇ. ರನ್ ಪೆಟ್ಟಿಗೆಗೆ ನುಡಿ ಫಾಂಟ್ ಇಲ್ಲದ್ದರಿಂದ ಚಿಹ್ನೆಗಳು ಹಾಗೇ ಕಾಣುತ್ತವೆ. ಆಗ ವಿಂಡೋಸ್ ಸ್ಪೇಸ್ ಎಷ್ಟು ಸಲ ಒತ್ತಿದರೂ ಉಪಯೋಗವಿಲ್ಲ, ಸ್ಕ್ರಾಲ್ ಲಾಕ್ ಒತ್ತಿ ನುಡಿಯನ್ನೇ ಆಫ್ ಮಾಡಬೇಕು. ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ.

ವಿಂಡೋಸ್ ಭಾಷೆಗೆ ಇನ್ನೊಂದು ಸೆಟ್ಟಿಂಗ್ ಇದೆ. 10ರಲ್ಲಿ ಸೆಟ್ಟಿಂಗ್ಸ್, ಡಿವೈಸಸ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. 11ರಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಟೈಪಿಂಗ್. ಅಲ್ಲಿ ಪ್ರತಿ ಕಿಟಕಿಗೂ ಬೇರೆ ಭಾಷೆ ಇಟ್ಟುಕೊಳ್ಳುವ ಪೆಟ್ಟಿಗೆಗೆ ಟಿಕ್ ಹಾಕಿ, ಮೇಲಿನ ಡೀಫಾಲ್ಟ್ ಭಾಷೆಯನ್ನು ಇಂಗ್ಲಿಷ್ ಮಾಡಿ. ವರ್ಡ್‌ನಲ್ಲಿ ಕನ್ನಡ ಇದ್ದರೂ ಹೊಸದಾಗಿ ತೆರೆಯುವ ಕಿಟಕಿ ಇಂಗ್ಲಿಷಿನಲ್ಲಿ ಶುರುವಾಗುತ್ತದೆ. ನುಡಿಗೆ ಈ ಸೆಟ್ಟಿಂಗ್ ತಾಕುವುದಿಲ್ಲ.

ಇನ್ನು ಜೋಡಿ ಕೀ. ಪ್ರೋಗ್ರಾಂ ತೆರೆದು, ಕೆಳಗಿನ ಟಾಸ್ಕ್‌ಬಾರಿನಲ್ಲಿ ಅದರ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪಿನ್ ಮಾಡಿ. ಮೂರೂ ಕಂಪ್ಯೂಟರಿನಲ್ಲಿ ಕ್ರಮ ಒಂದೇ ಇರಲಿ: 1 ವರ್ಡ್, 2 ನುಡಿ, 3 ಕ್ರೋಮ್, 4 ಸ್ಕ್ಯಾನರ್, 5 ಎಕ್ಸೆಲ್. ಎಣಿಕೆ ಎಡಗಡೆಯಿಂದ. ಸ್ಟಾರ್ಟ್ ಮತ್ತು ಹುಡುಕಾಟದ ಗುಂಡಿ ಲೆಕ್ಕಕ್ಕಿಲ್ಲ. 11ರಲ್ಲಿ ಐಕಾನ್‌ಗಳು ನಡುವೆ ಕೂತಿದ್ದರೂ ಎಣಿಕೆ ಹೀಗೇ. ಈಗ ವಿಂಡೋಸ್ ಕೀ ಹಿಡಿದು 3 ಒತ್ತಿದರೆ ಕ್ರೋಮ್. ಆಗಲೇ ತೆರೆದಿದ್ದರೆ ಅದೇ ಕಿಟಕಿ ಮುಂದೆ ಬರುತ್ತದೆ. ಎರಡನೇ ಗಿರಾಕಿಯ ಅರ್ಜಿಗೆ ಹೊಸ ಕಿಟಕಿಯೇ ಬೇಕೆಂದರೆ ಶಿಫ್ಟ್ ಕೂಡ ಹಿಡಿಯಿರಿ. ಅಂಕಿ ಮೇಲಿನ ಸಾಲಿನದಾಗಬೇಕು, ಬಲಗಡೆಯ ನಂಬರ್ ಪ್ಯಾಡಿನದು ನಡೆಯುವುದಿಲ್ಲ.

ಕೆಡುವುದು ಒಂದೇ ಕಾರಣಕ್ಕೆ: ಯಾರೋ ಐಕಾನನ್ನು ಎಳೆದು ಪಕ್ಕಕ್ಕೆ ಇಟ್ಟರೆ ಅಂಕಿಗಳೂ ಬದಲಾಗುತ್ತವೆ. ಇಬ್ಬರು ಕೂರುವ ಮಷಿನ್ ಆದ್ದರಿಂದ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಕೆಳಗೆ ಅಂಟಿಸಿ.

ಹುಡುಕಾಟದಲ್ಲಿ ಇಂಟರ್ನೆಟ್ ತೆರೆಯುವುದಕ್ಕೆ ಹಾರ್ಡ್ ಡಿಸ್ಕ್ ನಿಧಾನವಾಗಿರುವುದೂ ಕಾರಣ. ಪ್ರೋಗ್ರಾಂ ಹೆಸರು ಪಟ್ಟಿಗೆ ಬರುವ ಮುಂಚೆ ಎಂಟರ್ ಬಿದ್ದರೆ, ಆ ಕ್ಷಣ ಮೇಲಿರುವ ವೆಬ್ ಹುಡುಕಾಟವೇ ತೆರೆಯುತ್ತದೆ. ಹೆಸರು ಕಂಡ ಮೇಲೆ ಎಂಟರ್ ಒತ್ತಿ, ಇಲ್ಲವೇ ರನ್ ಪೆಟ್ಟಿಗೆ ಬಳಸಿ. ಅದು ಸ್ಟಾರ್ಟ್ ಹುಡುಕಾಟದಂತೆ ಪಟ್ಟಿ ತೋರಿಸುವುದಿಲ್ಲ, ಕೊಟ್ಟ ಹೆಸರನ್ನು ನೇರ ತೆರೆಯುತ್ತದೆ. ವರ್ಡ್‌ಗೆ ಅಲ್ಲಿ ವಿನ್‌ವರ್ಡ್ ಎಂದು, ಪೇಂಟ್‌ಗೆ ಎಂಎಸ್‌ಪೇಂಟ್ ಎಂದು, ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಹೊಡೆಯಬೇಕು.

ಬೆಟಗೇರಿ_ಗದಗ

ಎಷ್ಟು ಲಗೂ ಅಂತ ಕೇಳಿದ್ದಕ್ಕೆ ಲೆಕ್ಕ ಕೊಡುತ್ತೇನೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಮೂವರು 1980ರಲ್ಲಿ ಇಂಥ ಕೆಲಸಗಳಿಗೆ ಸರಾಸರಿ ಹೊತ್ತು ಅಳೆದು ಕೊಟ್ಟಿದ್ದಾರೆ. ನಿಮಿಷಕ್ಕೆ 55 ಪದ ಹೊಡೆಯುವವರಿಗೆ ಒಂದು ಕೀಗೆ 0.2 ಸೆಕೆಂಡ್, 40 ಪದದವರಿಗೆ 0.28. ಮೌಸನ್ನು ಗುರಿಗೆ ಒಯ್ಯಲು 1.1, ಕ್ಲಿಕ್ಕಿಗೆ 0.2, ಕೀಬೋರ್ಡಿನಿಂದ ಮೌಸಿಗೆ ಕೈ ಹೋಗಲು 0.4, ಏನು ಮಾಡಬೇಕೆಂದು ಮನಸ್ಸು ಸಿದ್ಧವಾಗಲು 1.35.

ಸ್ಟಾರ್ಟ್ ಮೆನುವಿನಲ್ಲಿ ಮೂರು ಕ್ಲಿಕ್ ಎಂದಿಟ್ಟುಕೊಳ್ಳಿ. ಕೈ ಹೋಗಿ ಬರಲು 0.8, ಮನಸ್ಸಿಗೆ 1.35, ಮೂರು ಸಲ ಗುರಿ ಮತ್ತು ಕ್ಲಿಕ್ಕಿಗೆ 3.9. ಒಟ್ಟು 6.05 ಸೆಕೆಂಡ್. ಪಟ್ಟಿ ಸರಿಸುವುದು ಇದಕ್ಕೆ ಸೇರಿಲ್ಲ. ಟಾಸ್ಕ್‌ಬಾರಿನ ಐಕಾನಿಗೆ ಮೌಸ್ ಒಯ್ದು ಒಂದೇ ಕ್ಲಿಕ್ ಮಾಡಿದರೆ 3.45. ರನ್ ಪೆಟ್ಟಿಗೆಯಲ್ಲಿ ನೋಟ್‌ಪ್ಯಾಡ್ ಹೊಡೆದರೆ ಹತ್ತು ಕೀ, 3.35. ವಿಂಡೋಸ್ ಜೊತೆ ಅಂಕಿ ಒತ್ತಿದರೆ ಎರಡೇ ಕೀ, 1.75.

ಇಲ್ಲಿ ಗಮನಿಸಬೇಕಾದ್ದು ನಡುವಿನ ಎರಡು ಲೆಕ್ಕ. ಹೆಸರು ಹೊಡೆಯುವುದಕ್ಕೂ ಟಾಸ್ಕ್‌ಬಾರಿನ ಒಂದು ಕ್ಲಿಕ್ಕಿಗೂ ಅಂತರವೇ ಇಲ್ಲ. ಟೈಪಿಂಗ್ 40 ಪದಕ್ಕೆ ಇಳಿದರೆ ಹೆಸರು ಹೊಡೆಯಲು 4.15 ಆಗಿ ಮೌಸೇ ಮುಂದಾಗುತ್ತದೆ. ಕೈ ಮೊದಲೇ ಮೌಸಿನ ಮೇಲಿದ್ದರೆ ಒಂದು ಕ್ಲಿಕ್ಕಿಗೆ 2.65 ಸಾಕು. ಕೀಬೋರ್ಡ್ ಎಂದರೆ ಯಾವಾಗಲೂ ಲಗೂ ಎನ್ನುವ ಮಾತು ಪೂರ್ತಿ ಸರಿಯಲ್ಲ. ನಿಧಾನ ಮಾಡುವುದು ಮೌಸ್ ಅಲ್ಲ, ಒಂದರೊಳಗೊಂದು ಇರುವ ಮೆನು.

ವಿಂಡೋಸ್ ಕೀ ಮತ್ತು 1ರಿಂದ 5, ಇವೆಲ್ಲ ಎಡಗೈ ಕಡೆ ಇವೆ. ಬಲಗೈ ಮೌಸ್ ಬಿಡದೆಯೇ ಒತ್ತಬಹುದು, ಹಾಗಾಗಿ ದಿನದ ಐದನ್ನು ಆ ಅಂಕಿಗಳಿಗೇ ಇಡಿ.

ಮೆನು ಬಿಟ್ಟು ಅಂಕಿಗೆ ಬಂದರೆ ಒಂದು ಸಲಕ್ಕೆ ಉಳಿಯುವುದು 4.3 ಸೆಕೆಂಡ್. ದಿನಕ್ಕೆ 100 ಸಲ ಎಂದರೂ 7 ನಿಮಿಷ ಚಿಲ್ಲರೆ. ಅದಕ್ಕಿಂತ ದೊಡ್ಡ ಲಾಭ ಕಣ್ಣಿನದು. ಗಿರಾಕಿಯ ಕೈಬರಹದ ಹಾಳೆಯಿಂದ ಕಣ್ಣು ಎತ್ತದೆ ಕ್ರೋಮಿಗೆ ಹೋಗಿ ವಾಪಸ್ ವರ್ಡ್‌ಗೆ ಬರಬಹುದು, ಓದುತ್ತಿದ್ದ ಸಾಲು ತಪ್ಪುವುದಿಲ್ಲ.

ಸಪ್ತಾಪುರ_ಟೈಪಿಂಗ್

ಭಾಳ ಚಲೋ ಆತ್ರಿ. ಪೌಂಡ್ ಗುರುತು ಯಾಕ ಬೀಳ್ತದ ಅನ್ನೂದು ಈಗ ತಿಳೀತು. ಇನ್ನ ಮೂರು ಕೇಳೂದದ. ಸ್ಕ್ಯಾನರಿನ ಶಾರ್ಟ್‌ಕಟ್ಟಿಗೆ ಪ್ರಾಪರ್ಟೀಸ್ ಒಳಗ ಕಂಟ್ರೋಲ್ ಆಲ್ಟ್ ಎಫ್ ಕೊಟ್ರ, ವರ್ಡ್‌ನಾಗ ಅಡಿಟಿಪ್ಪಣಿ ಹಾಕೂ ಕೀ ಬಂದ್ ಆಗ್ತದ. ಪಿಎಚ್‌ಡಿ ಪ್ರಬಂಧ ಭಾಳ ಬರ್ತಾವ, ಅದು ಬೇಕೇ ಬೇಕು. ಶಾರ್ಟ್‌ಕಟ್ ಡಿ ಡ್ರೈವಿನ ಫೋಲ್ಡರಿನಾಗ ಇಟ್ರ ಕೀ ನಡಿಯೂದಿಲ್ಲ. ಮತ್ತ ರನ್ ಒಳಗ ಕ್ರೋಮ್ ಅಂದ್ರ ತೆರೀತದ, ಸ್ಕ್ಯಾನರ್ ಪ್ರೋಗ್ರಾಂ ಹೆಸರು ಹೊಡೆದ್ರ ಸಿಗಲಿಲ್ಲ ಅಂತದ. ಯಾಕ್ರಿ?

ಬ್ಯಾಡಗಿ_ಲೆಕ್ಕಪತ್ರ

ಅಣ್ಣಾವ್ರ, ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ ಅದಾವ.

ಶಾರ್ಟ್‌ಕಟ್ಟಿಗೆ ಕೊಟ್ಟ ಕೀ ಇಡೀ ಕಂಪ್ಯೂಟರಿಗೆ ಅನ್ವಯ ಆಗ್ತದ, ವರ್ಡ್‌ಕಿಂತ ಮೊದಲ ವಿಂಡೋಸ್ ಅದನ್ನ ಹಿಡಕೋತದ. ವರ್ಡ್‌ನಾಗ ಕಂಟ್ರೋಲ್ ಆಲ್ಟ್ ಎಫ್ ಅಡಿಟಿಪ್ಪಣಿ, ಎಂ ಕಮೆಂಟ್, 1, 2, 3 ಶೀರ್ಷಿಕೆ ಸ್ಟೈಲ್. ಇವನ್ನ ಮುಟ್ಟಬ್ಯಾಡ್ರಿ. 4 ಸೈತ ಬ್ಯಾಡ. ಇಂಗ್ಲಿಷ್ ಇಂಡಿಯಾ ಕೀಬೋರ್ಡಿನಾಗ ಕಂಟ್ರೋಲ್ ಆಲ್ಟ್ 4 ಅಂದ್ರ ರೂಪಾಯಿ ಚಿಹ್ನೆ, ಬಿಲ್ ಹೊಡಿಯೂವಾಗ ಅದು ಹೋಗಿಬಿಡ್ತದ.

ಎರಡನೇದು. ಇಂಥಾ ಕೀ ನಡಿಯೂದು ಶಾರ್ಟ್‌ಕಟ್ ಡೆಸ್ಕ್‌ಟಾಪಿನ ಮ್ಯಾಲ ಇಲ್ಲಾ ಸ್ಟಾರ್ಟ್ ಮೆನುವಿನೊಳಗ ಇದ್ರ ಅಷ್ಟ. ಉಳಿದ ಫೋಲ್ಡರ್ ವಿಂಡೋಸ್ ನೋಡೂದಿಲ್ಲ. ಡೆಸ್ಕ್‌ಟಾಪ್ ಸ್ವಚ್ಛ ಮಾಡಾಕ ಅಂತ ಯಾರರ ಶಾರ್ಟ್‌ಕಟ್ ಸರಿಸಿಟ್ರ ಕೀನೂ ಸತ್ತಂಗ.

ಮೂರನೇದು. ರನ್ ಪೆಟ್ಟಿಗಿ ಎರಡು ಕಡೆ ಹುಡುಕ್ತದ: ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೂ ರಿಜಿಸ್ಟ್ರಿಯೊಳಗಿನ ಆ್ಯಪ್ ಪಾತ್ಸ್ ಪಟ್ಟಿ, ಮತ್ತ ಪಾತ್ ಅನ್ನೂ ಫೋಲ್ಡರ್ ಪಟ್ಟಿ. ಕ್ರೋಮ್ ಇನ್‌ಸ್ಟಾಲ್ ಆಗೂವಾಗ ಆ್ಯಪ್ ಪಾತ್ಸಿನಾಗ ಹೆಸರು ಬರಸ್ತದ. ನಿಮ್ಮ ಸ್ಕ್ಯಾನರ್ ಪ್ರೋಗ್ರಾಂ ಬರಸಿಲ್ಲ. ಅದಕ್ಕ ನೀವ ಒಂದು ಫೋಲ್ಡರ್ ಮಾಡಿ ಪಾತ್‌ಗೆ ಸೇರಸ್ರಿ:

ಸಿ ಡ್ರೈವಿನಾಗ ಇಂಗ್ಲಿಷಿನ ಕೆ ಅನ್ನೂ ಒಂದಕ್ಷರದ ಫೋಲ್ಡರ್ ಮಾಡ್ರಿ. ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಮ್ ಒಳಗ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆಗೆದು ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್ ಒತ್ರಿ. ಮ್ಯಾಲಿನ ಅರ್ಧದಾಗ ಪಾತ್ ಆರಿಸಿ ಎಡಿಟ್, ಆಮ್ಯಾಲ ನ್ಯೂ ಒತ್ತಿ ಆ ಫೋಲ್ಡರಿನ ದಾರಿ ಬರೀರಿ. ಮೊದಲ ಇದ್ದ ಸಾಲು ಒಂದೂ ಅಳಿಸಬ್ಯಾಡ್ರಿ, ಅಳಿಸಿದ್ರ ಬ್ಯಾರೆ ಪ್ರೋಗ್ರಾಂ ನಿಲ್ತಾವ. ಎಲ್ಲಾ ಕಿಟಕಿಗೂ ಓಕೆ ಕೊಟ್ಟ ಮ್ಯಾಲೇ ಬದಲಾವಣಿ ಉಳೀತದ.

ಇನ್ನ ಸ್ಕ್ಯಾನರಿನ ಶಾರ್ಟ್‌ಕಟ್ ಆ ಫೋಲ್ಡರಿನಾಗ ಹಾಕಿ ಹೆಸರು ಬದಲ್ ಮಾಡ್ರಿ. ಅಕ್ಷರ ಬ್ಯಾಡ, ಅಂಕಿ ಇಡ್ರಿ: 21 ಸ್ಕ್ಯಾನರ್, 22 ಪೇಂಟ್, 23 ಪಿಡಿಎಫ್ ಜೋಡಿಸೂದು. ಯಾಕಂದ್ರ ನಮ್ ಲಾಕ್ (Num Lock) ಗುಂಡಿ ಆನ್ ಇದ್ದಾಗ ನಂಬರ್ ಪ್ಯಾಡಿನಿಂದ ಬರೂ ಅಂಕಿಗೆ ವಿಂಡೋಸಿನ ಕನ್ನಡ ಕೀಲಿಮಣಿ ತಾಕೂದಿಲ್ಲ. ಇನ್‌ಸ್ಕ್ರಿಪ್ಟ್ ಆನ್ ಇದ್ರೂ ವಿಂಡೋಸ್ ಆರ್, 2, 1, ಎಂಟರ್ ಅಂದ್ರ ಸ್ಕ್ಯಾನರ್ ಬಂತು. ಎಂಟರ್ ಸೈತ ನಂಬರ್ ಪ್ಯಾಡಿನಾಗ ಅದ.

ಲೆಕ್ಕಪತ್ರದ ಮಂದಿಗೆ ಈ ರೂಢಿ ಹೊಸದಲ್ರಿ. ಲೆಕ್ಕ ಬರಿಯೂ ಟ್ಯಾಲಿ ಪ್ರೋಗ್ರಾಂ ಒಳಗ ಎಫ್ 5 ಪೇಮೆಂಟ್, ಎಫ್ 6 ರಸೀದಿ, ಎಫ್ 8 ಮಾರಾಟ ಅಂತ ಬೆರಳಿಗೇ ಕೂತಿರ್ತದ. ಟ್ಯಾಲಿಪ್ರೈಮ್‌ನಾಗ ಆಲ್ಟ್ ಜಿ ಒತ್ತಿದ್ರ ಯಾವ ವರದಿಗೆ ಬೇಕಾದ್ರೂ ನೇರ ಹೋಗಬಹುದು, ಮೆನು ಇಳಿಯೂ ಕೆಲಸ ಇಲ್ಲ.

ಹಾವೇರಿ_ಗ್ರಾಫಿಕ್ಸ್

ಮೆನುವನ್ನು ಪೂರ್ತಿ ಬಿಡಿಸಬೇಡಿ ಎಂದು ನನ್ನ ವಿನಂತಿ. ತಿಂಗಳಿಗೊಮ್ಮೆ ತೆರೆಯುವ ಪ್ರೋಗ್ರಾಮಿಗೆ ಅಂಕಿ ಇಟ್ಟರೆ ಅದು ನೆನಪಿನಲ್ಲಿ ಉಳಿಯುವುದಿಲ್ಲ. ಪಟ್ಟಿಯಲ್ಲಿ ಹೆಸರು ಕಂಡರೆ ಗುರುತು ಸಿಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ವಾರ ಟಾಸ್ಕ್‌ಬಾರ್ ಕ್ಲಿಕ್ಕೇ ಸಾಕು. ಅದೇ ಐಕಾನ್, ಅದೇ ಕ್ರಮ ಆದ್ದರಿಂದ ಅಂಕಿ ತಾನೇ ಗೊತ್ತಾಗುತ್ತದೆ. ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವಾಗ ಬಲಗೈ ಹೇಗೂ ಮೌಸಿನ ಮೇಲಿರುತ್ತದೆ, ಅಲ್ಲಿ ಹೆಸರು ಹೊಡೆಯುವ ದಾರಿ ಬೇಡವೇ ಬೇಡ.

ಟೈಪಿಂಗಿಗೆ ಬಹಳ ಉಪಯೋಗದ ಒಂದು ಕೀ ಯಾರೂ ಹೇಳಿಲ್ಲ. ವಿಂಡೋಸ್ ಮತ್ತು ಆಲ್ಟ್ ಎರಡನ್ನೂ ಹಿಡಿದು 1 ಒತ್ತಿ. ವರ್ಡ್‌ನಲ್ಲಿ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಬರುತ್ತದೆ. ಬಾಣದ ಕೀಯಿಂದ ಆರಿಸಿ ಎಂಟರ್. ನಿನ್ನೆ ಅರ್ಧಕ್ಕೆ ನಿಂತ ಪ್ರಬಂಧಕ್ಕೆ ಫೋಲ್ಡರ್ ಹುಡುಕುವ ಕೆಲಸ ತಪ್ಪುತ್ತದೆ.

ಮತ್ತೆ, ಬೆಳಗ್ಗೆ ಹೇಗೂ ಬೇಕಾಗುವುದನ್ನು ಕೈಯಿಂದ ತೆರೆಯುವುದೇಕೆ? ರನ್ ಪೆಟ್ಟಿಗೆಯಲ್ಲಿ ಶೆಲ್, ಕೋಲನ್, ಸ್ಟಾರ್ಟಪ್ ಎಂದು ಸೇರಿಸಿ ಹೊಡೆದರೆ ಒಂದು ಫೋಲ್ಡರ್ ತೆರೆಯುತ್ತದೆ. ಅದರಲ್ಲಿ ಶಾರ್ಟ್‌ಕಟ್ ಇಟ್ಟ ಪ್ರೋಗ್ರಾಂ ಲಾಗಿನ್ ಆದ ಕೂಡಲೇ ತಾನೇ ಶುರುವಾಗುತ್ತದೆ. 4 ಜಿಬಿಯ ಎರಡು ಮಷಿನ್‌ಗೆ ನುಡಿ ಮತ್ತು ವರ್ಡ್ ಮಾತ್ರ ಇಡಿ. ಕ್ರೋಮನ್ನೂ ಸೇರಿಸಿದರೆ ಮೂರೂ ಒಟ್ಟಿಗೆ ಹಾರ್ಡ್ ಡಿಸ್ಕಿಗೆ ಮುಗಿಬಿದ್ದು ಮಷಿನ್ ಏಳುವುದು ತಡವಾಗುತ್ತದೆ.

ಬೆಟಗೇರಿ_ಗದಗ

ಮುಂದೆ ಹಳೆಯ ಮಷಿನ್‌ಗೆ ವಿಂಡೋಸ್ ಬದಲು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೂ ರೂಢಿ ಬದಲಿಸಬೇಕಿಲ್ಲ. ಎಡಗಡೆಯ ಪಟ್ಟಿಯಲ್ಲಿ ಪಿನ್ ಮಾಡಿದವಕ್ಕೆ ಅದೇ ವಿಂಡೋಸ್ ಕೀ ಜೊತೆ ಅಂಕಿ ನಡೆಯುತ್ತದೆ, ಎಣಿಕೆ ಮೇಲಿನಿಂದ ಕೆಳಗೆ. ರನ್ ಪೆಟ್ಟಿಗೆಗೆ ಆಲ್ಟ್ ಎಫ್ 2.

ಸಪ್ತಾಪುರ_ಟೈಪಿಂಗ್

ಎಲ್ಲಾರಿಗೂ ಧನ್ಯವಾದ್ರಿ. ಕಡೀಕ ಒಂದ. 11 ಇರೂದು ಲ್ಯಾಪ್‌ಟಾಪ್, ಅದರಾಗ ಸ್ಕ್ರಾಲ್ ಲಾಕ್ ಗುಂಡೀನ ಇಲ್ಲ. ನುಡಿ ಆಫ್ ಮಾಡೂದು ಹೆಂಗ?

ವಿದ್ಯಾನಗರ_ಹುಬ್ಬಳ್ಳಿ

ಪರದೆಯ ಮೇಲಿನ ಕೀಬೋರ್ಡ್ ತೆರೆಯಿರಿ: ವಿಂಡೋಸ್, ಕಂಟ್ರೋಲ್ ಎರಡನ್ನೂ ಹಿಡಿದು ಓ ಒತ್ತಬೇಕು. ಇದೂ ಜೋಡಿ ಕೀ, ಕನ್ನಡ ಆನ್ ಇದ್ದರೂ ಬರುತ್ತದೆ. ಅದರ ಬಲಗಡೆ ಸ್ಕ್ರಾಲ್ ಲಾಕ್ ಗುಂಡಿ ಇದೆ, ಮೌಸಿನಿಂದ ಒತ್ತಿ. ದಿನಾ ಬೇಕಾದರೆ ಯುಎಸ್‌ಬಿಯ ಪೂರ್ತಿ ಅಳತೆಯ ಕೀಬೋರ್ಡ್ ಒಂದನ್ನು ಜೋಡಿಸಿಬಿಡಿ. ಕೊಳ್ಳುವಾಗ ಸ್ಕ್ರಾಲ್ ಲಾಕ್ ಇದೆಯೇ ಎಂದು ನೋಡಿಕೊಳ್ಳಿ. ಬ್ಯಾಡಗಿಯವರು ಹೇಳಿದ 21, 22ಕ್ಕೆ ನಂಬರ್ ಪ್ಯಾಡೂ ಅದರಲ್ಲೇ ಸಿಗುತ್ತದೆ.