ಸಹಾಯ ಬೇಕು: ಈ ಹಳೇ ಎಂಜಿನ್ ತಗೊಳ್ಳಲಾ, ಬಿಡಲಾ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಕಾರು ಓಡುತ್ತಿರುವಾಗಲೇ ಟೈಮಿಂಗ್ ಬೆಲ್ಟ್ (ವಾಲ್ವ್, ಪಿಸ್ಟನ್‌ಗಳ ಚಲನೆಯನ್ನು ಹೊಂದಿಸುವ ಬೆಲ್ಟ್) ತುಂಡಾಯಿತು. ವಾಲ್ವ್‌ಗಳು ಬಗ್ಗಿವೆ, ಒಂದು ಪಿಸ್ಟನ್ ಕೂಡ ಒಡೆದಿದೆ. ಬೆಲ್ಟ್ ಬದಲಾಯಿಸುವ ಸಮಯ ಯಾವತ್ತೋ ದಾಟಿತ್ತು, ತಪ್ಪು ನನ್ನದೇ. ಬಾಡಿ, ಗೇರ್‌ಬಾಕ್ಸ್ ಇನ್ನೂ ಗಟ್ಟಿಯಾಗಿವೆ. ಹಾಗಾಗಿ ಅಪಘಾತವಾದ ಕಾರಿನಿಂದ ಇಳಿಸಿದ ಎಂಜಿನ್ ಒಂದನ್ನು ನೋಡಿ ಬಂದೆ.

ಎಂಜಿನ್ ಕೋಡ್ ನನ್ನದಕ್ಕೆ ಸರಿಹೊಂದುತ್ತದೆ. ಆಯಿಲ್ ಕ್ಯಾಪ್ ಬಿಚ್ಚಿ ಬೆರಳಾಡಿಸಿದೆ. ಕಪ್ಪು ಆಯಿಲ್ ಅಂಟಿತು, ಹಾಲಿನ ಕೆನೆಯಂಥದ್ದು ಏನೂ ಇರಲಿಲ್ಲ. ಅಂದರೆ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಆಯಿಲ್‌ಗೆ ಸೇರಿರಲಿಕ್ಕಿಲ್ಲ. ಆದರೆ ಸ್ಟಾರ್ಟ್ ಮಾಡಿ ತೋರಿಸಲು ಆಗಲ್ಲ ಅಂತಾರೆ ಮಾರುವವರು. ಸ್ಟಾರ್ಟರ್ ಮೋಟರ್‌ಗೆ ಬ್ಯಾಟರಿ ಕೊಟ್ಟು ತಿರುಗಿಸಿ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಬಹುದು ಅಲ್ವಾ? ಸಿಲಿಂಡರ್‌ಗಳ ನಡುವೆ ಎಷ್ಟು ವ್ಯತ್ಯಾಸ ಇದ್ದರೆ ಬಿಟ್ಟು ಬರಬೇಕು?

ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೇಗೂ ಹೊಸದು ಹಾಕಿಸುತ್ತೇನೆ. ಕ್ಲಚ್ ಪ್ಲೇಟ್ ಅರ್ಧ ಸವೆದಿದೆ. ಈಗಲೇ ಬದಲಾಯಿಸೋದು ಸುಮ್ನೆ ಖರ್ಚು ಅಂತಾರೆ ನಮ್ಮ ಮೆಕ್ಯಾನಿಕ್. ಇನ್ನೊಂದು ವರ್ಷಕ್ಕೆ ಕ್ಲಚ್‌ಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾದರೆ ಅದು ಜಾಸ್ತಿ ಖರ್ಚಲ್ವಾ?

ಮಾರುವವರ ಗ್ಯಾರಂಟಿ ಎಂಜಿನ್‌ಗೆ ಮಾತ್ರ, ಕೂಲಿಗೆ ಇಲ್ಲ. ಕೆಟ್ಟರೆ ಇಳಿಸಿ ಕೂರಿಸುವ ಖರ್ಚು ನನ್ನ ತಲೆಗೇ. ಹೀಗೆ ಎಂಜಿನ್ ಹಾಕಿಸಿದವರು ಇದ್ದರೆ ದಯವಿಟ್ಟು ಹೇಳಿ. ಭಾನುವಾರದೊಳಗೆ ಮಾರುವವರಿಗೆ ಉತ್ತರ ಕೊಡಬೇಕು.