ಹೊಲಿಗೆ ಮಷಿನ್ ಓಡೋ ಮನೆಯಲ್ಲಿ ಮೌನ ಪ್ರಾರ್ಥನೆ ಆಗುತ್ತಾ?

ಕೌಲ್‌ಬಜಾರ್ ಟೈಲರ್:
ಎಲ್ಲರಿಗೂ ವಂದನೆ. ನಾನು ಬಳ್ಳಾರಿಯವಳು. ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ. ಎರಡೇ ಕೋಣೆ. ಮುಂದಿನದರಲ್ಲಿ ನನ್ನ ಮಷಿನ್, ಯಜಮಾನರ ಓವರ್‌ಲಾಕ್. ಹಿಂದಿನದರಲ್ಲಿ ಅತ್ತೆ, ಟಿವಿ, ಮಕ್ಕಳು. ಬಂಡಲ್ ತರುವ ಹುಡುಗ ಯಾವಾಗ ಬರುತ್ತಾನೋ ಗೊತ್ತಿಲ್ಲ, ಅದಕ್ಕೆ ಬಾಗಿಲು ಹಾಕೋದೇ ಇಲ್ಲ.

ನಮ್ಮ ಚರ್ಚ್ ಸಭೆಯಲ್ಲಿ ಪ್ರಾರ್ಥನೆ ಅಂದರೆ ಜೋರು. ಕೀಬೋರ್ಡ್, ಡ್ರಮ್, ಮೈಕು. ಅದು ನನಗೆ ಇಷ್ಟವೇ, ದೂರಲ್ಲ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಹೋಗಿ ಅತ್ತು ಹಗುರಾಗಿ ಬರುತ್ತೇನೆ. ಆದರೆ ಈಚೆಗೆ ಏನೂ ಕೇಳದೆ ದೇವರ ಮುಂದೆ ಸುಮ್ನೆ ಕೂರಬೇಕು ಅನ್ನಿಸುತ್ತಿದೆ. ಬೆಳಿಗ್ಗೆ ಮಾಳಿಗೆ ಮೇಲೆ ಕೂತರೆ ಸ್ಕೂಲ್ ಫೀಸು, ಚೀಟಿ ಕಂತು, ಜಿಪ್ ಸೊಟ್ಟ ಅಂತ ವಾಪಸ್ ಬಂದ ಪ್ಯಾಂಟು, ಇವೇ ತಲೆಗೆ ಬರುತ್ತವೆ. ಇಲ್ಲಾ ತೂಕಡಿಕೆ. "ಬಾಯಿ ಬಿಡದೆ ಅದೆಂಥ ಪ್ರಾರ್ಥನೆಯವ್ವಾ?" ಅಂತಾರೆ ಅತ್ತೆ. ಇದು ಸರಿನಾ? ನಮ್ಮಂಥವರಿಗೆ ಆಗುವಂಥದ್ದಾ, ಕಾನ್ವೆಂಟಿನ ಸಿಸ್ಟರ್‌ಗಳಿಗೆ ಮಾತ್ರವಾ?

ಸಿಂಧನೂರು ಬ್ರದರ್:
ಎಚ್ಚರ ಸಿಸ್ಟರ್. ಮನಸ್ಸು ಖಾಲಿ ಮಾಡಿಕೊಂಡು ಕೂರಿ ಅಂತ ಬೈಬಲ್ಲಿನಲ್ಲಿ ಎಲ್ಲೂ ಹೇಳಿಲ್ಲ. ಬಾಯಿ ತೆರೆದು ವಾಕ್ಯ ಹೇಳಿ, ಸ್ತುತಿಸಿ. ಖಾಲಿ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ.

ಶಕ್ತಿನಗರದವ:
ತಂಗೀ, ನಾನು ಕಥೋಲಿಕ. ಶಕ್ತಿನಗರದ ಥರ್ಮಲ್‌ನಲ್ಲಿ ಟರ್ಬೈನ್ ಪಕ್ಕ ಕೆಲಸ ಮಾಡಿ ರಿಟೈರ್ ಆದವನು. ಸದ್ದು ನಿಂತ ಮೇಲೆ ಪ್ರಾರ್ಥಿಸೋಣ ಅಂತ ಕೂತಿದ್ದರೆ ಪೆನ್ಷನ್ ಬರುವ ತನಕ ಕಾಯಬೇಕಿತ್ತು.

ಮೊದಲು ಅತ್ತೆಯವರ ಪ್ರಶ್ನೆ. ಬೈಬಲ್ಲಿನ 1 ಸಮುವೇಲ 1ರಲ್ಲಿ ಹನ್ನಳು ಪ್ರಾರ್ಥಿಸುವಾಗ ತುಟಿ ಮಾತ್ರ ಆಡುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡು ಗದರಿದ. ಪ್ರಾರ್ಥನೆ ಮಾತ್ರ ದೇವರಿಗೆ ಕೇಳಿಸಿತು. ಇದನ್ನು ಅವರಿಗೆ ಓದಿ ಹೇಳಿ, ಆದರೆ ವಾದ ಗೆಲ್ಲೋಕೆ ಹೋಗಬೇಡಿ!

ತೂಕಡಿಕೆಗೆ ಯಾಕೆ ಅಳುಕು? ಬೈಬಲ್ಲಿನ ಪ್ರವಾದಿ ಎಲೀಯ ಸಾಕಾಗಿ, ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ಮೇಲೆ. ಆರ್ಡರ್ ಜಾಸ್ತಿ ಇದ್ದ ವಾರ ನೀವು ಮಾಳಿಗೆ ಹತ್ತಬೇಡಿ, ನಿದ್ದೆ ಮಾಡಿ.

ಬ್ರದರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಖಾಲಿ ಕೂರೋದಲ್ಲ ಇದು. ಜಾನ್ ಕ್ಯಾಸಿಯನ್ ಅನ್ನುವವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಜೊತೆ ಇದ್ದು, ಅವರಿಂದ ಕೇಳಿದ್ದನ್ನು 5ನೇ ಶತಮಾನದಲ್ಲಿ ಬರೆದಿಟ್ಟರು. ಮನಸ್ಸು ಓಡಿದಾಗೆಲ್ಲ 70ನೇ ಕೀರ್ತನೆಯ ಮೊದಲ ಸಾಲು ಹಿಡಿ ಅನ್ನುತ್ತಾರೆ: ದೇವರೇ, ಬೇಗ ಬಂದು ಕಾಪಾಡು ಅನ್ನುವ ಮೊರೆ. ಉಣ್ಣುವಾಗ, ಮಲಗುವಾಗ, ಸಿಟ್ಟು ಬಂದಾಗ, ಯಾವಾಗಲೂ ಅದೊಂದೇ. ಆ ಸನ್ಯಾಸಿಗಳೇನು ಕೈಕಟ್ಟಿ ಕೂತವರಲ್ಲ. ಗರಿ ಹೆಣೆದು ಬುಟ್ಟಿ, ಚಾಪೆ ಮಾರಿ ಹೊಟ್ಟೆ ಹೊರೆದವರು. ಅವರದೂ ಒಂಥರಾ ಪೀಸ್ ಲೆಕ್ಕವೇ. ಉದ್ದ ಹೊಲಿಗೆ ಓಡುವಾಗ ನಿಮ್ಮ ಕೈಗೆ ತಲೆ ಬೇಕಾಗಿಲ್ಲ, ಅಲ್ವಾ? ಆ ಹೊತ್ತು ನಿಮ್ಮದು.

ಇನ್ನೊಂದು. ಯೇಸು ನಸುಕಿನಲ್ಲಿ ಎದ್ದು ಒಬ್ಬರೇ ಹೋದದ್ದು ಮಾರ್ಕ 1:35ರಲ್ಲಿದೆ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು "ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ" ಅಂದರೆ ಯೇಸು ವಾಪಸ್ ಹೋಗಲಿಲ್ಲ, ಬೇರೆ ಊರುಗಳಿಗೆ ಹೋಗೋಣ ಅಂದರು. ಜನ ಕರೆದ ಕೂಡಲೇ ಎದ್ದು ಓಡದೇ ಇರೋದೂ ಒಬ್ಬರೇ ಕೂರುವುದರಲ್ಲಿ ಕಲಿಯುವ ವಿಷಯ. ನನಗೆ ಅದು ಇನ್ನೂ ಬಂದಿಲ್ಲ. ನಮ್ಮ ಗುಡಿಯಲ್ಲಂತೂ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಕೊಟ್ಟಾದ ಮೇಲೆ ಸುಮ್ಮನಿರಬೇಕಾದ ಆ ಎರಡು ನಿಮಿಷವನ್ನೂ ಹಾಡುವವರು ಬಿಡೋದಿಲ್ಲ!

ರಾಯಚೂರು ಟೀಚರಮ್ಮ:
ಅಣ್ಣಾವ್ರೇ, ಚೆನ್ನಾಗಿ ಹೇಳಿದಿರಿ. ಆದರೆ ನಸುಕಿನಲ್ಲಿ ಎದ್ದು ಹೋದರೆ ನಲ್ಲಿ ನೀರು ಹಿಡಿಯೋರು ಯಾರು? ನಾವು ಮೆಥೋಡಿಸ್ಟರು, ನಮ್ಮಲ್ಲಿ ಸುಸಾನಾ ವೆಸ್ಲಿಯ ಕಥೆ ಹೇಳುತ್ತಾರೆ. ನಮ್ಮ ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ, 19 ಮಕ್ಕಳನ್ನು ಹೆತ್ತವರು. ಮನೆ ತುಂಬ ಗಲಾಟೆ ಇದ್ದಾಗ ಏಪ್ರನ್ ಎತ್ತಿ ತಲೆಗೆ ಹೊದ್ದುಕೊಳ್ಳುತ್ತಿದ್ದರಂತೆ. ಅಮ್ಮ ಪ್ರಾರ್ಥನೆಯಲ್ಲಿದ್ದಾರೆ, ಈಗ ಮಾತಾಡಿಸಬಾರದು ಅಂತ ಮಕ್ಕಳಿಗೆ ಗೊತ್ತಾಗುತ್ತಿತ್ತು. ನಮಗೆ ಸೆರಗು ಇದೆಯಲ್ಲ ಅಕ್ಕಾ. ಮೊದಮೊದಲು ನನ್ನ ಮಗ ಸೆರಗೊಳಗೆ ಇಣುಕಿ "ಮಮ್ಮೀ, ಇನ್ನೂ ಎಷ್ಟೊತ್ತು?" ಅನ್ನುತ್ತಿದ್ದ. ಈಗ ತಂಗಿಯನ್ನೂ ಅವನೇ ತಡೆಯುತ್ತಾನೆ. ಅತ್ತೆಗೆ ಮಾತ್ರ ಮೊದಲೇ ಹೇಳಿಬಿಡಿ, ಮುನಿಸಿಕೊಂಡು ಮುಖ ಮುಚ್ಚಿಕೊಂಡಿದ್ದೀರಿ ಅಂದುಕೊಂಡಾರು.

ಕೌಲ್‌ಬಜಾರ್ ಟೈಲರ್:
ಅಣ್ಣಾ, ಹನ್ನಳ ಕಥೆ ಓದಿದೆ. ಅತ್ತೆ "ಅವಳು ಗುಡಿಯಲ್ಲಿದ್ದಳು, ನೀನು ಮಾಳಿಗೆ ಮೇಲೆ" ಅಂದರು. ಅವರನ್ನು ಗೆಲ್ಲೋಕಾಗಲ್ಲ. ಸೈಡ್ ಹೊಲಿಗೆಯಲ್ಲಿ 70ನೇ ಕೀರ್ತನೆ ನಡೆಯುತ್ತದೆ. ಜಿಪ್, ಜೇಬು ಬಂದರೆ ಇಲ್ಲ, ಸೂಜಿ ಬೆರಳಿಗೇ ಇಳಿಯುತ್ತದೆ.

ಸಿಂಧನೂರು ಬ್ರದರ್:
ವಾಕ್ಯ ಹಿಡಿದು ಕೂರೋದಾದರೆ ನನ್ನ ಅಭ್ಯಂತರ ಇಲ್ಲ ಸಿಸ್ಟರ್. ಆದರೆ ಮೌನ ಸಿಕ್ಕಿತು ಅಂತ ಶುಕ್ರವಾರದ ಕೂಟ ಬಿಡಬೇಡಿ.

ಕೌಲ್‌ಬಜಾರ್ ಟೈಲರ್:
ಎಲ್ಲಿ ಬಿಡೋದು ಬ್ರದರ್, ಉಪವಾಸ ಮುಗಿದ ಮೇಲೆ ಉಪ್ಪಿಟ್ಟು ಮಾಡುವ ಪಾಳಿ ಈ ತಿಂಗಳು ನನ್ನದೇ.